ಶಾಲೆಯ ತಟ್ಟೆ: ಒಂದು ಶತಮಾನ ಕಲಿಸಿದ ಪಾಠ



ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ನಿಮ್ಮ ಊರಿನ ಎರಡು ಶಾಲೆಗಳನ್ನು ಒಮ್ಮೆ ನೋಡಿಬನ್ನಿ. ಮೊದಲನೆಯದು ಸರ್ಕಾರಿ ಉರ್ದು ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳು ತಟ್ಟೆ ತೊಳೆದುಕೊಂಡು ಬಂದು ಸಾಲಾಗಿ ಕುಳಿತಿರುತ್ತಾರೆ. ತಟ್ಟೆಗೆ ಅನ್ನ, ಬೇಳೆ ತರಕಾರಿ ಹಾಕಿದ ಸಾಂಬಾರು, ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಬಾಳೆಹಣ್ಣು ಬೀಳುತ್ತದೆ. ಎರಡನೆಯದು ತಂದೆತಾಯಿಗಳು ಶುಲ್ಕ ಕಟ್ಟಿ ಓದಿಸುವ ಶಾಲೆ. ಅದು ನಮ್ಮಂತಹ ಸಂಸ್ಥೆಗಳು ಚಂದಾ ಎತ್ತಿ, ಕಷ್ಟಪಟ್ಟು ಕಟ್ಟಿದ ಶಾಲೆಯೂ ಆಗಿರಬಹುದು. ಅಲ್ಲಿ ಕ್ಯಾಂಟೀನಿನ ಕಿಟಕಿಯ ಮುಂದೆ ನೂಕುನುಗ್ಗಲು, ಹತ್ತು ರೂಪಾಯಿ ಹಿಡಿದು ಚಾಚಿದ ಕೈಗಳು. ಒಳಗಿನಿಂದ ಬರುವುದು ಚಿಪ್ಸ್ ಪೊಟ್ಟಣ, ಪಫ್, ಬಣ್ಣದ ನೀರಿನ ಬಾಟಲಿ. ಅಮ್ಮ ಬೆಳಿಗ್ಗೆ ಎದ್ದು ಕಟ್ಟಿಕೊಟ್ಟ ಡಬ್ಬಿ ಎಷ್ಟೋ ಸಲ ಚೀಲದಲ್ಲೇ ಉಳಿದು ಸಂಜೆ ಮನೆಗೆ ಮರಳುತ್ತದೆ.

ಈ ಎರಡು ಮಕ್ಕಳಲ್ಲಿ ಯಾರ ಹೊಟ್ಟೆಗೆ ಒಳ್ಳೆಯ ಆಹಾರ ಬಿತ್ತು? ಉತ್ತರ ನಮಗೆ ಮುಜುಗರ ತರುವಂತಹದು. ಬಡವರ ಮಗುವಿಗೆ ಸಿಕ್ಕ ಊಟ ದುಡ್ಡು ಕೊಟ್ಟ ಮಗುವಿಗೆ ಸಿಗಲಿಲ್ಲ. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಶಾಲೆಯ ಊಟದ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಬೇಕು. ರಾಜರ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸುವ ನಾವು ಮಕ್ಕಳ ತಟ್ಟೆಯ ಚರಿತ್ರೆಯನ್ನು ಪಾಠ ಮಾಡುವುದಿಲ್ಲ. ಆದರೆ ಅದರಲ್ಲಿ ನಾವು ಈಗಲೇ ಕಲಿಯಬೇಕಾದ ಪಾಠವಿದೆ.

ಹಸಿವು ಶಾಲೆಯ ಬಾಗಿಲು ತಟ್ಟಿದಾಗ

ಶಾಲೆ ಎಂದರೆ ಅಕ್ಷರ ಕಲಿಸುವ ಜಾಗ, ಊಟ ಹಾಕುವುದು ಮನೆಯ ಕೆಲಸ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇತ್ತು. ಇಂಗ್ಲೆಂಡಿನಲ್ಲಿ ಈ ನಂಬಿಕೆಯನ್ನು ಅಲುಗಾಡಿಸಿದ್ದು ಒಂದು ಯುದ್ಧ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸಲು ಹೋದಾಗ, ಬಂದ ಯುವಕರಲ್ಲಿ ಅನೇಕರು ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದರು. ಜಗತ್ತನ್ನೇ ಆಳುತ್ತಿದ್ದ ಸಾಮ್ರಾಜ್ಯದ ಕೂಲಿಕಾರರ ಮಕ್ಕಳು ಅರೆಹೊಟ್ಟೆಯಲ್ಲಿ ಬೆಳೆದಿದ್ದರು. 1904ರಲ್ಲಿ ಸರ್ಕಾರದ ಸಮಿತಿಯೊಂದು ಈ ಬಗ್ಗೆ ವರದಿ ನೀಡಿತು. 1906ರಲ್ಲಿ ಶಾಲಾ ಮಕ್ಕಳಿಗೆ ಊಟ ಒದಗಿಸಲು ಸ್ಥಳೀಯ ಆಡಳಿತಗಳಿಗೆ ಅನುಮತಿ ನೀಡುವ ಕಾನೂನು ಬಂದಿತು.

ಮರುವರ್ಷ, ಅಂದರೆ 1907ರಲ್ಲಿ, ಬ್ರಾಡ್‌ಫರ್ಡ್ ಎಂಬ ಗಿರಣಿಗಳ ಊರಿನಲ್ಲಿ ಒಂದು ಪ್ರಯೋಗ ನಡೆಯಿತು. ಸುಮಾರು ನಲವತ್ತು ಬಡ ಮಕ್ಕಳಿಗೆ ಶಾಲೆಯಲ್ಲೇ ಊಟ ಕೊಟ್ಟು ಅವರ ತೂಕವನ್ನು ಆಗಾಗ ನೋಡಲಾಯಿತು. ಊಟ ಸಿಕ್ಕ ವಾರಗಳಲ್ಲಿ ತೂಕ ಏರಿತು. ರಜೆ ಬಂದು ಊಟ ನಿಂತಾಗ ಇಳಿಯಿತು. ಯಾವ ಭಾಷಣಕ್ಕಿಂತಲೂ ಆ ತಕ್ಕಡಿ ಹೆಚ್ಚು ಸ್ಪಷ್ಟವಾಗಿ ಮಾತನಾಡಿತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಮದರಾಸು ನಗರಸಭೆ ಮುಖ್ಯವಾದುದು. ಪಿ. ತ್ಯಾಗರಾಯ ಚೆಟ್ಟಿಯವರು ಅದರ ಅಧ್ಯಕ್ಷರಾಗಿದ್ದಾಗ, 1920ರಲ್ಲಿ, ಥೌಸಂಡ್ ಲೈಟ್ಸ್ ಪ್ರದೇಶದ ನಗರಸಭಾ ಶಾಲೆಯಲ್ಲಿ ಮಕ್ಕಳಿಗೆ ಉಪಾಹಾರ ಕೊಡುವ ನಿರ್ಣಯವಾಯಿತು. ಒಂದು ಮಗುವಿಗೆ ಒಂದು ಆಣೆ ಮೀರಬಾರದೆಂದು ಲೆಕ್ಕ ಹಾಕಲಾಗಿತ್ತು. ಮಕ್ಕಳು ಶಾಲೆಗೆ ಬರದಿರಲು ಬಡತನವೇ ಕಾರಣ, ಊಟ ಕೊಟ್ಟರೆ ಬರುತ್ತಾರೆ ಎಂಬುದು ಅವರ ಸರಳ ತರ್ಕ.

ಈ ತರ್ಕವನ್ನು ಇಡೀ ರಾಜ್ಯಕ್ಕೆ ಹಬ್ಬಿಸಿದವರು ಕೆ. ಕಾಮರಾಜರು. ಅವರು ಹೆಚ್ಚು ಓದಿದವರಲ್ಲ, ಬಡತನದಿಂದ ಎಳವೆಯಲ್ಲೇ ಶಾಲೆ ಬಿಟ್ಟವರು. 1954ರಲ್ಲಿ ಮುಖ್ಯಮಂತ್ರಿಯಾದ ಅವರು ಪ್ರವಾಸದಲ್ಲಿದ್ದಾಗ ದನ ಮೇಯಿಸುವ ಹುಡುಗನೊಬ್ಬನನ್ನು ಕಂಡು, ಶಾಲೆಗೇಕೆ ಹೋಗುವುದಿಲ್ಲವೆಂದು ವಿಚಾರಿಸಿದರಂತೆ. ಹೋದರೆ ಹೊಟ್ಟೆಗೆ ನೀವು ಹಾಕುತ್ತೀರಾ ಎಂದು ಆ ಹುಡುಗ ಮರುಪ್ರಶ್ನೆ ಹಾಕಿದನಂತೆ. ತಮಿಳುನಾಡಿನಲ್ಲಿ ಇದು ಮನೆಮಾತಾದ ಕಥೆ. 1956ರಲ್ಲಿ ಎಟ್ಟಯಪುರಂನಲ್ಲಿ ಮಧ್ಯಾಹ್ನದ ಊಟದ ಯೋಜನೆ ಆರಂಭವಾಯಿತು. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಎನ್. ಡಿ. ಸುಂದರವಡಿವೇಲು ಅವರು ಇದಕ್ಕೆ ಬೆನ್ನೆಲುಬಾಗಿ ನಿಂತರು. ಊರಿನವರೂ ಅಕ್ಕಿ, ತರಕಾರಿ, ಪಾತ್ರೆಗಳನ್ನು ಕೊಟ್ಟು ಕೈಜೋಡಿಸಿದರು. 1982ರಲ್ಲಿ ಮುಖ್ಯಮಂತ್ರಿ ಎಂ. ಜಿ. ರಾಮಚಂದ್ರನ್ ಅವರು ಇದನ್ನೇ ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತರಿಸಿದರು. 1989ರಲ್ಲಿ ತಮಿಳುನಾಡಿನ ಶಾಲಾ ತಟ್ಟೆಗೆ ಮೊಟ್ಟೆಯೂ ಬಂದಿತು. ಮೊದಲು ಹದಿನೈದು ದಿನಕ್ಕೊಂದು, ಬರಬರುತ್ತಾ ಹೆಚ್ಚು.

ಅಂದರೆ ಮೊದಲಿದ್ದ ಪ್ರಶ್ನೆ ಒಂದೇ: ಹೊಟ್ಟೆ ತುಂಬುತ್ತದೆಯೇ? ಏನು ತುಂಬುತ್ತದೆ ಎಂಬ ಪ್ರಶ್ನೆ ಆಮೇಲೆ ಬಂದದ್ದು.

ಅಕ್ಕಿ ಚೀಲದಿಂದ ಬಿಸಿಯೂಟಕ್ಕೆ

ಇಲ್ಲಿಂದ ಮುಂದಿನ ಚರಿತ್ರೆಯಲ್ಲಿ ನಾನೂ ಒಂದು ಸಣ್ಣ ಸಾಕ್ಷಿ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲಾ ಮಕ್ಕಳಿಗಾಗಿ ರಾಷ್ಟ್ರೀಯ ಪೌಷ್ಟಿಕ ಬೆಂಬಲ ಕಾರ್ಯಕ್ರಮವನ್ನು ಆರಂಭಿಸಿತು. ಬೇಯಿಸಿದ ಊಟ ಕೊಡಬೇಕೆಂಬುದು ಉದ್ದೇಶವಾಗಿದ್ದರೂ ಬಹುತೇಕ ರಾಜ್ಯಗಳು ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಟ್ಟು ಕೈತೊಳೆದುಕೊಂಡವು. ನಾನು ಓದುತ್ತಿದ್ದ ಸರ್ಕಾರಿ ಉರ್ದು ಶಾಲೆಯಲ್ಲೂ ಹಾಗೆಯೇ. ಹಾಜರಾತಿ ಸರಿಯಿದ್ದವರಿಗೆ ಅಕ್ಕಿ. ಅದು ಬಂದ ದಿನ ನಮಗೆಲ್ಲ ಸಂಭ್ರಮ. ಬಟ್ಟೆಯ ಚೀಲ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದೆವು. ಆ ಅಕ್ಕಿ ಮನೆಗೆ ಹೋಗಿ ಏಳು ಜನರ ಪಾತ್ರೆಗೆ ಬೀಳುತ್ತಿತ್ತು. ನನ್ನ ಪಾಲಿಗೆ ಎಷ್ಟು ಬಂದಿತೋ ಯಾರೂ ಲೆಕ್ಕ ಇಟ್ಟಿಲ್ಲ. ಮಧ್ಯಾಹ್ನ ಶಾಲೆಯಲ್ಲಿ ಮಾತ್ರ ಹಸಿವು ಹಾಗೆಯೇ ಇರುತ್ತಿತ್ತು.

2001ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಸರ್ಕಾರಿ ಗೋದಾಮುಗಳು ತುಂಬಿ ತುಳುಕುತ್ತಿರುವಾಗ ಜನ ಹಸಿವಿನಿಂದಿರುವುದೇಕೆ ಎಂಬುದು ಅದರ ಪ್ರಶ್ನೆ. ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯ ಮಹತ್ವದ ಆದೇಶ ನೀಡಿತು. ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟವನ್ನೇ ಕೊಡಬೇಕು. ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಶಕ್ತಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು. ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು. ಅಕ್ಕಿ ಕೊಟ್ಟು ಕಳುಹಿಸುವುದು ಊಟ ಕೊಟ್ಟಂತಲ್ಲ ಎಂಬುದು ಇದರ ತಾತ್ಪರ್ಯ.

ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಆರಂಭವಾಯಿತು. 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂದಿತು. ಮೊದಲು ಒಂದರಿಂದ ಐದನೆಯ ತರಗತಿಯವರಿಗೆ ಮಾತ್ರ. ನಮ್ಮ ಶಾಲೆಯಲ್ಲಿ ಒಲೆ ಹೊತ್ತಿದಾಗ ನಾನು ಆರನೆಯ ತರಗತಿಗೆ ಕಾಲಿಟ್ಟಿದ್ದೆ. ತಂಗಿ ಮೂರನೆಯದರಲ್ಲಿದ್ದಳು. ಅವಳಿಗೆ ಊಟ, ನನಗೆ ವಾಸನೆ. ಒಂದು ವರ್ಷ ಹೀಗೇ ಕಳೆಯಿತು. ಅವಳು ಎಷ್ಟೋ ದಿನ ತನ್ನ ತಟ್ಟೆಯಿಂದ ಒಂದು ಮುದ್ದೆ ಅನ್ನ ಎತ್ತಿಟ್ಟು, ಕೊಠಡಿಯ ಹಿಂದೆ ಕರೆದು ಕೊಡುತ್ತಿದ್ದಳು. 2004ರ ಅಕ್ಟೋಬರಿನಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೂ ಊಟ ಬಂದಿತು. ಏಳನೆಯ ತರಗತಿಯಲ್ಲಿ ನನ್ನದೇ ತಟ್ಟೆ ಹಿಡಿದು ಕುಳಿತ ಆ ದಿನವನ್ನು ನಾನು ಇಂದಿಗೂ ಮರೆತಿಲ್ಲ. 2007ರಲ್ಲಿ ಯೋಜನೆ ಪ್ರೌಢಶಾಲೆಗೂ ವಿಸ್ತರಿಸಿತು.

ಇಷ್ಟು ಹೇಳಿದ್ದು ಸ್ವಂತ ಕಥೆ ಹೇಳಿಕೊಳ್ಳಲು ಅಲ್ಲ. ತಟ್ಟೆಗೆ ಏನು ಬೀಳಬೇಕೆಂದು ಯಾರೋ ಹಿರಿಯರು ಎಲ್ಲೋ ಕುಳಿತು ನಿರ್ಧರಿಸುತ್ತಾರೆ, ಮಗು ಅದನ್ನು ತಿನ್ನುತ್ತದೆ ಅಥವಾ ಹಸಿದಿರುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ. ಊಟ ಸಿಕ್ಕ ಮೇಲೆ ಅದು ಕೆಡುವುದೂ ಹಿರಿಯರ ನಿರ್ಧಾರದಿಂದಲೇ. ಇದಕ್ಕೆ ಉದಾಹರಣೆ, ಶಾಲೆಯ ಊಟಕ್ಕೆ ಕಾನೂನು ಮಾಡಿದ ಅದೇ ಇಂಗ್ಲೆಂಡ್.

'ಆಯ್ಕೆ' ಎಂಬ ಹೆಸರಿನ ವ್ಯಾಪಾರ

1944ರ ಶಿಕ್ಷಣ ಕಾಯಿದೆಯಿಂದ ಅಲ್ಲಿ ಶಾಲೆಯ ಊಟ ಸ್ಥಳೀಯ ಆಡಳಿತಗಳ ಕರ್ತವ್ಯವಾಯಿತು. 1946ರಲ್ಲಿ ಮಕ್ಕಳಿಗೆ ಉಚಿತ ಹಾಲು ಬಂದಿತು. ಊಟದಲ್ಲಿ ಇಷ್ಟು ಪೌಷ್ಟಿಕಾಂಶ ಇರಲೇಬೇಕೆಂಬ ನಿಯಮಗಳೂ ಇದ್ದವು. ಕಾಲ ಕಳೆದಂತೆ ಹಸಿವು ಮರೆತುಹೋಯಿತು, ಖರ್ಚು ಕಣ್ಣಿಗೆ ಬಿತ್ತು. 1971ರಲ್ಲಿ ಏಳು ವರ್ಷ ಮೀರಿದ ಮಕ್ಕಳಿಗೆ ಉಚಿತ ಹಾಲು ನಿಂತಿತು. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ತಂದ ಶಿಕ್ಷಣ ಕಾಯಿದೆ ಪೌಷ್ಟಿಕತೆಯ ನಿಯಮಗಳನ್ನೇ ತೆಗೆದುಹಾಕಿತು. ಎಲ್ಲ ಮಕ್ಕಳಿಗೂ ಊಟ ಒದಗಿಸುವ ಕರ್ತವ್ಯವೂ ಹೋಯಿತು. ಮುಂದೆ ಶಾಲೆಗಳ ಅಡುಗೆಯ ಕೆಲಸವೂ ಟೆಂಡರಿಗೆ ಹೋಯಿತು, ಕಡಿಮೆ ಬೆಲೆ ಹೇಳಿದವರಿಗೆ ಗುತ್ತಿಗೆ ಸಿಕ್ಕಿತು.

ಆಗ ಹೇಳಿದ ಸಮರ್ಥನೆ ಏನು? ಮಕ್ಕಳಿಗೆ ಆಯ್ಕೆಯ ಸ್ವಾತಂತ್ರ್ಯ ಬೇಕು ಎಂಬುದು. ಕೇಳಲು ಚೆನ್ನಾಗಿದೆ. ಆದರೆ ಕಟ್ಟೆಯ ಮೇಲೆ ಇಟ್ಟದ್ದು ಕರಿದ ಆಲೂಗಡ್ಡೆ, ಬರ್ಗರ್, ಪಿಜ್ಜಾ, ಸಿಹಿ ಪಾನೀಯ. ಹತ್ತು ಬಗೆಯ ಕೆಟ್ಟ ತಿಂಡಿಗಳ ನಡುವೆ ಒಂದನ್ನು ಆರಿಸಿಕೊಳ್ಳುವುದನ್ನು ಆಯ್ಕೆ ಎನ್ನಬಹುದೇ? ನೀವೇ ಹೇಳಿ.

ಇಪ್ಪತ್ತೈದು ವರ್ಷಗಳ ಕಾಲ ಹೀಗೆ ನಡೆದ ಮೇಲೆ, 2005ರಲ್ಲಿ ಜೇಮಿ ಆಲಿವರ್ ಎಂಬ ಹೆಸರಾಂತ ಬಾಣಸಿಗ ಲಂಡನ್ನಿನ ಗ್ರೀನಿಚ್ ಪ್ರದೇಶದ ಶಾಲಾ ಅಡುಗೆಮನೆಗೆ ಟಿವಿ ಕ್ಯಾಮೆರಾ ಜೊತೆ ಹೋದರು. ಒಂದು ಮಗುವಿನ ಊಟದ ಸಾಮಗ್ರಿಗೆ ಅಲ್ಲಿ ಖರ್ಚಾಗುತ್ತಿದ್ದುದು ಕೇವಲ 37 ಪೆನ್ಸ್ ಎಂದು ದೇಶಕ್ಕೆಲ್ಲ ತಿಳಿಯಿತು. ಕಾರ್ಖಾನೆಯಲ್ಲಿ ತಯಾರಾದ ಮಾಂಸದ ಸುರುಳಿಗಳನ್ನು ಮಕ್ಕಳು ಇಷ್ಟಪಟ್ಟು ತಿನ್ನುತ್ತಿದ್ದರು. ತಾಜಾ ಅಡುಗೆ ಇಟ್ಟರೆ ಮುಖ ತಿರುಗಿಸುತ್ತಿದ್ದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಸಹಿಯ ಮನವಿ ಪ್ರಧಾನಿಯ ಕಚೇರಿಗೆ ಹೋಯಿತು. ಸರ್ಕಾರ 28 ಕೋಟಿ ಪೌಂಡ್ ಕೊಡುವುದಾಗಿ ಘೋಷಿಸಿತು. 2006ರ ಸೆಪ್ಟೆಂಬರಿನಿಂದ ಹೊಸ ನಿಯಮಗಳು ಜಾರಿಗೆ ಬಂದವು. ಚಾಕೊಲೇಟು, ಚಿಪ್ಸ್ ಪೊಟ್ಟಣ, ಗ್ಯಾಸ್ ತುಂಬಿದ ಪಾನೀಯಗಳಿಗೆ ಶಾಲೆಯಲ್ಲಿ ಜಾಗವಿಲ್ಲವಾಯಿತು. ಕರಿದ ಪದಾರ್ಥ ವಾರಕ್ಕೆ ಎರಡು ಸಲ ಮಾತ್ರ ಎಂದಾಯಿತು.

ಎಲ್ಲವೂ ಸುಗಮವಾಗಿ ನಡೆಯಿತೆಂದು ಭಾವಿಸಬೇಡಿ. ಅದೇ ಸೆಪ್ಟೆಂಬರಿನಲ್ಲಿ ರೊದರ್‌ಹ್ಯಾಮ್ ಪಟ್ಟಣದ ಸಮೀಪದ ಶಾಲೆಯೊಂದರಲ್ಲಿ ವಿಚಿತ್ರ ದೃಶ್ಯ ಕಂಡಿತು. ಕೆಲವು ತಾಯಂದಿರು ಶಾಲೆಯ ಕಬ್ಬಿಣದ ಬೇಲಿಯ ಹೊರಗೆ ನಿಂತು, ಸಂದಿಯಿಂದ ಮಕ್ಕಳಿಗೆ ಬರ್ಗರ್, ಚಿಪ್ಸ್ ಕೊಡತೊಡಗಿದರು. ಒಳಗಿನ ಊಟ ಮಕ್ಕಳಿಗೆ ಹಿಡಿಸುತ್ತಿಲ್ಲ, ನಮ್ಮ ಮಕ್ಕಳು ಏನು ತಿನ್ನಬೇಕೆಂದು ಹೇಳಲು ಇವರ್ಯಾರು ಎಂಬುದು ಅವರ ವಾದ. ಪತ್ರಿಕೆಗಳು ಆ ತಾಯಂದಿರನ್ನು ಹಾಸ್ಯ ಮಾಡಿದವು. ನನಗೆ ಹಾಸ್ಯ ಮಾಡಲು ಮನಸ್ಸು ಬರುವುದಿಲ್ಲ. ತಾಯಂದಿರನ್ನು ಕೂರಿಸಿ ಮಾತನಾಡದೆ, ಮಕ್ಕಳ ನಾಲಿಗೆಗೆ ಸಮಯ ಕೊಡದೆ ಮೇಲಿನಿಂದ ನಿಯಮ ಇಳಿಸಿದರೆ ಬೇಲಿಯ ಸಂದಿ ಹುಡುಕುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಮೊದಮೊದಲು ಶಾಲೆಯ ಊಟ ಕೊಳ್ಳುವವರ ಸಂಖ್ಯೆಯೂ ಇಳಿಯಿತು.

ಆದರೂ ಫಲ ಕಂಡಿತು. 2011ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಗ್ರೀನಿಚ್ ಪ್ರದೇಶದ ಪ್ರಾಥಮಿಕ ಶಾಲೆಗಳಲ್ಲಿ ಊಟ ಬದಲಾದ ಮೇಲೆ ಇಂಗ್ಲಿಷ್ ಮತ್ತು ವಿಜ್ಞಾನದ ಫಲಿತಾಂಶ ಉತ್ತಮವಾಯಿತು. ಅನಾರೋಗ್ಯದಂತಹ ಕಾರಣಗಳಿಗಾಗಿ ಅನುಮತಿ ಪಡೆದ ಗೈರುಹಾಜರಿ ಶೇಕಡ 14ರಷ್ಟು ಇಳಿಯಿತು. ಶೇಕಡಾವಾರು ಫಲಿತಾಂಶವನ್ನೇ ಮಂತ್ರದಂತೆ ಜಪಿಸುವ ನಾವು ಶಿಕ್ಷಕರೂ ಆಡಳಿತ ಮಂಡಳಿಯವರೂ ಈ ಅಂಕಿಯನ್ನು ಗಮನಿಸಬೇಕು.

ಜಪಾನಿನ ಮಕ್ಕಳು ಬಡಿಸುತ್ತಾರೆ

ಇಂಗ್ಲೆಂಡಿನಿಂದ ಎಚ್ಚರಿಕೆ ಕಲಿತರೆ, ಜಪಾನಿನಿಂದ ಕ್ರಮ ಕಲಿಯಬಹುದು. ಅಲ್ಲಿ ಶಾಲೆಯ ಊಟ 1889ರಲ್ಲಿ ಯಾಮಾಗಾತ ಪ್ರಾಂತ್ಯದ ತ್ಸುರುವೊಕ ಪಟ್ಟಣದಲ್ಲಿ ಬಡಮಕ್ಕಳ ಶಾಲೆಯೊಂದರಲ್ಲಿ ಆರಂಭವಾಯಿತು. ಅನ್ನದ ಉಂಡೆ, ಸುಟ್ಟ ಮೀನು, ಉಪ್ಪಿನಕಾಯಿ, ಇಷ್ಟೇ. ಎರಡನೆಯ ಮಹಾಯುದ್ಧದ ನಂತರದ ಹಸಿವನ್ನು ಕಂಡ ದೇಶ 1954ರಲ್ಲಿ ಶಾಲಾ ಊಟದ ಕಾನೂನು ಮಾಡಿತು. 2005ರಲ್ಲಿ ಆಹಾರದ ಬಗೆಗಿನ ಶಿಕ್ಷಣಕ್ಕೇ ಒಂದು ಮೂಲ ಕಾನೂನು ಬಂದಿತು.

ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಊಟವೂ ಒಂದು ಪಾಠ. ಸರದಿಯ ಪ್ರಕಾರ ಮಕ್ಕಳೇ ಬಿಳಿ ಟೋಪಿ, ಬಿಳಿ ನಿಲುವಂಗಿ ತೊಟ್ಟು ಅಡುಗೆಮನೆಯಿಂದ ಪಾತ್ರೆ ತಂದು ಸಹಪಾಠಿಗಳಿಗೆ ಬಡಿಸುತ್ತಾರೆ. ಶಿಕ್ಷಕರೂ ಅದೇ ಕೊಠಡಿಯಲ್ಲಿ ಕುಳಿತು ಅದನ್ನೇ ಉಣ್ಣುತ್ತಾರೆ. ಶ್ರೀಮಂತರ ಮಗುವಿಗೊಂದು, ಬಡವರ ಮಗುವಿಗೊಂದು ಎಂಬುದಿಲ್ಲ. ಉಂಡ ಮೇಲೆ ಎಲ್ಲರೂ ಸೇರಿ ಸ್ವಚ್ಛ ಮಾಡುತ್ತಾರೆ. ತರಕಾರಿ ತಿನ್ನಿ ಎಂದು ಬೇರೆ ಉಪದೇಶ ಮಾಡಬೇಕಿಲ್ಲ. ಎಲ್ಲರ ತಟ್ಟೆಯಲ್ಲೂ ಇರುವುದನ್ನು ಮಗುವೂ ತಿನ್ನಲು ಕಲಿಯುತ್ತದೆ. ಒಂದೇ ಹಾಸಿನ ಮೇಲೆ ಎಲ್ಲರೂ ಕೂತು ಉಣ್ಣುವ ದಸ್ತರ್‌ಖ್ವಾನಿನ ರೂಢಿಯಿರುವ ನಮ್ಮ ಮನೆಗಳಿಗೆ ಇದು ಅರ್ಥವಾಗದ ವಿಷಯವೇನಲ್ಲ.

ನಮ್ಮ ನಾಡಿನ ತಟ್ಟೆ ಬದಲಾದ ಬಗೆ

ಈಗ ನಮ್ಮ ರಾಜ್ಯಕ್ಕೆ ಮರಳೋಣ. ಬಿಸಿಯೂಟದ ಅಳತೆ ಕಾಲಕ್ರಮದಲ್ಲಿ ಏರಿತು. ಇಂದು ಪ್ರಾಥಮಿಕ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಎಂಬುದು ರಾಷ್ಟ್ರೀಯ ಮಾನದಂಡ. 2013ರ ಆಗಸ್ಟಿನಲ್ಲಿ 'ಕ್ಷೀರಭಾಗ್ಯ'ದ ಹಾಲು ಬಂದಿತು. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಲಾಯಿತು. ತಿನ್ನದವರಿಗೆ ಬಾಳೆಹಣ್ಣು.

ಮೊಟ್ಟೆಗೆ ಕೆಲವರಿಂದ ವಿರೋಧ ಬಂದುದು ನಿಮಗೆ ನೆನಪಿರಬಹುದು. ಆಗ ಗಂಗಾವತಿಯ ಶಾಲಾ ವಿದ್ಯಾರ್ಥಿನಿಯೊಬ್ಬಳು ನಮಗೆ ಮೊಟ್ಟೆ ಬೇಕು ಎಂದು ಧೈರ್ಯವಾಗಿ ಹೇಳಿದ್ದನ್ನು ಇಡೀ ರಾಜ್ಯ ನೋಡಿತು. ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಹಣ್ಣು. ಎರಡೂ ದೇಹಕ್ಕೆ ಒಳ್ಳೆಯದು. ನಿಜವಾದ ಆಯ್ಕೆ ಎಂದರೆ ಇದು. ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ ಕೊಡದ ಗದಗ ಜಿಲ್ಲೆಯ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 1907ರ ಬ್ರಾಡ್‌ಫರ್ಡಿನ ತಕ್ಕಡಿ ಇಲ್ಲಿ ಮತ್ತೊಮ್ಮೆ ಮಾತನಾಡಿತು. 2022ರಲ್ಲಿ ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಹೋಯಿತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರು ದಿನವೂ ಸಿಗುವಂತಾಯಿತು. ಅದೇ ವರ್ಷ ಹಾಲಿನೊಂದಿಗೆ ರಾಗಿ ಮಾಲ್ಟ್ ಬಂದಿತು. 2025ರ ಆರಂಭದಲ್ಲಿ, ಸಕ್ಕರೆ ಮತ್ತು ಕೊಬ್ಬಿನ ಅಂಶ ಹೆಚ್ಚೆಂಬ ಕಾರಣದಿಂದ ಚಿಕ್ಕಿಯನ್ನು ನಿಲ್ಲಿಸಿ ಮೊಟ್ಟೆ ಇಲ್ಲವೇ ಬಾಳೆಹಣ್ಣು ಎಂದು ಮಾಡಲಾಯಿತು. ಒಮ್ಮೆ ಇಟ್ಟದ್ದನ್ನು ಮತ್ತೆ ಪರಿಶೀಲಿಸಿ ತಿದ್ದಿಕೊಳ್ಳುವುದೂ ಚರಿತ್ರೆಯ ಪಾಠವೇ.

ಆದರೆ ಈ ಎಲ್ಲ ಸೌಲಭ್ಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಅನುದಾನರಹಿತ ಶಾಲೆಯ ಮಗುವಿನ ಪಾಲಿಗೆ ಇರುವುದು ಡಬ್ಬಿ ಮತ್ತು ಕ್ಯಾಂಟೀನು. ಆ ಮಗುವಿನ ಬಗ್ಗೆ ಕಾನೂನು ಏನೂ ಹೇಳುವುದಿಲ್ಲವೇ? ಹೇಳುತ್ತದೆ. ದೆಹಲಿ ಹೈಕೋರ್ಟಿನಲ್ಲಿ ವರ್ಷಗಳ ಕಾಲ ನಡೆದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ 2015ರಲ್ಲಿ ಆದೇಶವಾದ ಮೇಲೆ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ಶಾಲಾ ಮಕ್ಕಳ ಆಹಾರದ ಬಗ್ಗೆ ನಿಯಮಾವಳಿ ಪ್ರಕಟಿಸಿತು. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ಪದಾರ್ಥಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಶಾಲೆ ಯಾವ ಮಾಧ್ಯಮದ್ದು, ಯಾರು ನಡೆಸುವುದು ಎಂಬ ಭೇದವಿಲ್ಲ. ನಮ್ಮಲ್ಲಿ ಎಷ್ಟು ಆಡಳಿತ ಮಂಡಳಿಗಳು ಇದನ್ನು ಓದಿವೆ?

ಇದು ಅತಿಯಾದ ಕಾಳಜಿ ಎಂದು ಕೆಲವರಿಗೆ ಅನಿಸಬಹುದು. 2016ರಿಂದ 2018ರವರೆಗೆ ಕೇಂದ್ರ ಸರ್ಕಾರ ನಡೆಸಿದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಶೇಕಡ 28ರಷ್ಟು ಮಂದಿಗೆ ರಕ್ತಹೀನತೆ ಕಂಡಿತು. ಅದೇ ವಯಸ್ಸಿನವರಲ್ಲಿ ಹತ್ತರಲ್ಲಿ ಒಬ್ಬರು ಮಧುಮೇಹದ ಹೊಸ್ತಿಲಲ್ಲಿದ್ದರು. ಒಂದೇ ಬೆಂಚಿನ ಮೇಲೆ ರಕ್ತ ಸಾಲದ ಹುಡುಗಿಯೂ ಸಕ್ಕರೆ ಏರುತ್ತಿರುವ ಹುಡುಗನೂ ಕುಳಿತಿದ್ದಾರೆ. ಇಬ್ಬರಿಗೂ ನಾವು ಮಾರುತ್ತಿರುವುದು ಅದೇ ಪೊಟ್ಟಣ.

ಕ್ಯಾಂಟೀನಿನ ಕಿಟಕಿಯ ಒಳಗಿನ ಲೆಕ್ಕ

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಯೊಂದರಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ಆಹಾರದ ಬಗ್ಗೆ ಹದಿನೈದು ನಿಮಿಷ ಮಾತನಾಡಿದೆ. ಬಿ.ಇಡಿ.ಯಲ್ಲಿ ಕಲಿತಂತೆ ಚಿತ್ರಪಟವನ್ನೂ ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹನ್ನೊಂದು ಗಂಟೆಯ ಬಿಡುವಿನಲ್ಲಿ ಅದೇ ಮಕ್ಕಳು ಕ್ಯಾಂಟೀನಿನ ಮುಂದೆ ನಿಂತಿದ್ದರು. ಒಬ್ಬನನ್ನು ಕರೆದು, "ಏನಪ್ಪಾ, ಬೆಳಿಗ್ಗೆ ಏನು ಹೇಳಿದೆ?" ಎಂದೆ. ಆ ಹುಡುಗ ತಲೆ ತಗ್ಗಿಸಿ, "ಸರ್, ಅಲ್ಲಿ ಬೇರೆ ಏನಿದೆ ಹೇಳಿ, ಅದನ್ನೇ ತಗೋತೀನಿ" ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಕ್ಯಾಂಟೀನಿನವರನ್ನೇ ಕೇಳಿದೆ. ಅವರು ಒಳ್ಳೆಯ ಮನುಷ್ಯರು. "ಮಾಸ್ಟರ್ ಸಾಹೇಬ್ರೇ, ವರ್ಷದ ಬಾಡಿಗೆ ಮುಂಗಡ ಕಟ್ಟಿದ್ದೀನಿ. ಯಾರು ಹೆಚ್ಚು ಕೊಡ್ತಾರೋ ಅವರಿಗೇ ಕೊಡೋದು. ಬಾಳೆಹಣ್ಣು ಮೂರನೇ ದಿನಕ್ಕೆ ಕಪ್ಪಾಗುತ್ತೆ, ಪೊಟ್ಟಣ ಮೂರು ತಿಂಗಳು ಇದ್ರೂ ಕೆಡಲ್ಲ. ನೀವೇ ಲೆಕ್ಕ ಹಾಕಿ" ಎಂದರು. ಲೆಕ್ಕ ಹಾಕಿದೆ. ಶಾಲೆ ಪಡೆದ ಹೆಚ್ಚಿನ ಬಾಡಿಗೆಯನ್ನು ಕೊನೆಗೆ ತೆರುತ್ತಿದ್ದುದು ಮಕ್ಕಳ ಹೊಟ್ಟೆ.

ನಾವು ಕೆಲವು ಶಿಕ್ಷಕರು ಸೇರಿ ಒಂದು ಪ್ರಯತ್ನ ಮಾಡಿದೆವು. ಪೋಷಕರಲ್ಲಿ ಇಬ್ಬರು ತಾಯಂದಿರು ಬೇಯಿಸಿದ ಕಡಲೆಗೆ ಈರುಳ್ಳಿ, ನಿಂಬೆರಸ ಹಾಕಿ ಕೊಡಲು ಒಪ್ಪಿದರು. ಬಟ್ಟಲಿಗೆ ಐದು ರೂಪಾಯಿ. ಮೊದಲ ದಿನ ಅರ್ಧ ಉಳಿಯಿತು. ನಾವು ಶಿಕ್ಷಕರೂ ಮಕ್ಕಳ ಜೊತೆ ನಿಂತು ತಿನ್ನತೊಡಗಿದ ಮೇಲೆ, ಎರಡನೆಯ ವಾರಕ್ಕೆ ಪಾತ್ರೆ ಖಾಲಿಯಾಗತೊಡಗಿತು. ಆದರೆ ಮೂರು ತಿಂಗಳಿಗೆ ಅದು ನಿಂತುಹೋಯಿತು. ಒಬ್ಬ ತಾಯಿಗೆ ಆರೋಗ್ಯ ಕೆಟ್ಟಿತು, ನನಗೆ ಪರೀಕ್ಷೆಯ ಕೆಲಸ ಬಂದಿತು, ಜವಾಬ್ದಾರಿ ಯಾರ ಹೆಸರಿನಲ್ಲೂ ಬರೆದಿರಲಿಲ್ಲ. ಕ್ಯಾಂಟೀನಿನ ಕರಾರುಪತ್ರದಲ್ಲಿ ಮಾತ್ರ ಬಾಡಿಗೆಯ ಮೊತ್ತ ಸ್ಪಷ್ಟವಾಗಿ ಬರೆದಿತ್ತು. ಒಳ್ಳೆಯ ಉದ್ದೇಶ ನೆನಪಿನಲ್ಲಿದ್ದರೆ ಸಾಲದು, ಕಾಗದದ ಮೇಲೂ ಇರಬೇಕೆಂದು ಅಂದು ಕಲಿತೆ.

ನಾವು ಮಾಡಬೇಕಾದುದೇನು?

ಬ್ರಾಡ್‌ಫರ್ಡಿನಿಂದ ಯಾದಗಿರಿಯವರೆಗಿನ ಈ ಚರಿತ್ರೆ ಹೇಳುವುದು ಒಂದೇ ಮಾತು. ಮಕ್ಕಳು ಕೈಗೆ ಸಿಕ್ಕದ್ದನ್ನು ತಿನ್ನುತ್ತಾರೆ. ಕೈಗೆ ಏನು ಸಿಗಬೇಕೆಂದು ನಿರ್ಧರಿಸುವವರು ಹಿರಿಯರು. ಮಗುವಿನ ನಾಲಿಗೆಯನ್ನು ದೂರುವ ಮೊದಲು ನಾವು ಕಟ್ಟೆಯ ಮೇಲೆ ಇಟ್ಟದ್ದನ್ನು ನೋಡಿಕೊಳ್ಳಬೇಕು.

ಸಂಘದ ಸದಸ್ಯರೇ, ನಿಮ್ಮಲ್ಲಿ ಅನೇಕರು ಶಾಲೆಗಳ ಆಡಳಿತ ಮಂಡಳಿಗಳಲ್ಲಿದ್ದೀರಿ. ಮುಂದಿನ ವರ್ಷ ಕ್ಯಾಂಟೀನಿನ ಕರಾರು ಬರೆಯುವಾಗ ಬಾಡಿಗೆಯ ಸಾಲಿನ ಕೆಳಗೆ ಇನ್ನೂ ನಾಲ್ಕು ಸಾಲು ಬರೆಯಿರಿ: ಏನು ಮಾರಬಹುದು, ಏನು ಮಾರಬಾರದು, ಹಣ್ಣು ಮತ್ತು ಕಾಳಿನ ಬೆಲೆ ಎಷ್ಟು ಮೀರಬಾರದು, ಇದನ್ನು ಪ್ರತಿ ತಿಂಗಳು ನೋಡುವವರು ಯಾರು. ಬಾಡಿಗೆ ಸ್ವಲ್ಪ ಕಡಿಮೆ ಬಂದರೆ ಬರಲಿ. ಕುಡಿಯುವ ನೀರಿನ ನಲ್ಲಿಯನ್ನು ಸ್ವಚ್ಛವಾಗಿಡಿ; ನೀರು ಸಿಗದ ಶಾಲೆಯಲ್ಲೇ ಬಣ್ಣದ ನೀರು ಹೆಚ್ಚು ಮಾರಾಟವಾಗುತ್ತದೆ. ವಾರ್ಷಿಕೋತ್ಸವದಲ್ಲಿ, ಸ್ವಾತಂತ್ರ್ಯ ದಿನದಂದು ಮಕ್ಕಳ ಕೈಗೆ ಪೊಟ್ಟಣ ಕೊಡುವ ಬದಲು ಬಾಳೆಹಣ್ಣು, ಕಡಲೆಬೀಜ, ಖರ್ಜೂರ ಕೊಡಿ. ಯಾವುದೇ ಬದಲಾವಣೆ ಮಾಡುವ ಮೊದಲು ತಾಯಂದಿರ ಸಭೆ ಕರೆಯಿರಿ, ಬೇಲಿಯ ಸಂದಿಯ ಕಥೆ ನಮ್ಮಲ್ಲಿ ನಡೆಯದಿರಲಿ.

ಸಹೋದ್ಯೋಗಿ ಶಿಕ್ಷಕರೇ, ವಾರಕ್ಕೆ ಒಂದು ದಿನವಾದರೂ ಸಿಬ್ಬಂದಿ ಕೊಠಡಿ ಬಿಟ್ಟು ಮಕ್ಕಳ ನಡುವೆ ಕುಳಿತು ಡಬ್ಬಿ ಬಿಚ್ಚೋಣ. ನಮ್ಮ ತಟ್ಟೆಯನ್ನು ಅವರು ನೋಡುತ್ತಾರೆ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ನಿಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಸಿಗುವ ಪದಾರ್ಥಗಳ ಪಟ್ಟಿ ಮಾಡಿ. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಬರೆದ ಉಪ್ಪು, ಸಕ್ಕರೆ, ಕೊಬ್ಬಿನ ಅಂಕಿಗಳನ್ನು ಬರೆದುಕೊಂಡು, ನಿಮ್ಮ ವಿಜ್ಞಾನ ಶಿಕ್ಷಕರ ಸಹಿಯೊಂದಿಗೆ ಮುಖ್ಯೋಪಾಧ್ಯಾಯರ ಮೇಜಿನ ಮೇಲಿಡಿ. ಗಂಗಾವತಿಯ ಆ ಹುಡುಗಿ ಆಗ ನಿಮ್ಮದೇ ವಯಸ್ಸಿನವಳಾಗಿದ್ದಳು. ಬೇಕಾದುದನ್ನು ಮರ್ಯಾದೆಯಿಂದ, ಗಟ್ಟಿಯಾಗಿ ಕೇಳುವುದು ತಪ್ಪಲ್ಲ.

ನನ್ನ ತಂಗಿ ಅಂದು ತನ್ನ ತಟ್ಟೆಯಿಂದ ಎತ್ತಿಟ್ಟ ಅನ್ನದಲ್ಲಿ ಬೇಳೆ ಇತ್ತು, ನುಗ್ಗೆಸೊಪ್ಪು ಇತ್ತು. ಇಂದು ಅವಳ ಮಗಳು ಶುಲ್ಕ ಕಟ್ಟುವ ಶಾಲೆಗೆ ಹೋಗುತ್ತಾಳೆ. ಕಳೆದ ತಿಂಗಳು ಅವಳ ಚೀಲದಲ್ಲಿ ನಾನು ಕಂಡದ್ದು ಬಿಚ್ಚದ ಡಬ್ಬಿ ಮತ್ತು ಎರಡು ಖಾಲಿ ಪೊಟ್ಟಣ. ಇಪ್ಪತ್ತು ವರ್ಷಗಳಲ್ಲಿ ನಮ್ಮ ಮನೆ ಹಸಿವಿನಿಂದ ಪಾರಾಯಿತು. ಊಟವನ್ನು ಮಾತ್ರ ದಾರಿಯಲ್ಲಿ ಕಳೆದುಕೊಂಡೆವು. ಅದನ್ನು ಮರಳಿ ತರುವ ಕೆಲಸ ಮುಂದಿನ ಕರಾರುಪತ್ರದಿಂದಲೇ ಆರಂಭವಾಗಲಿ.